ದರ್ಭೆಯನ್ನು ತಿದ್ದಿದ ಸಾಲು

ನಾನು ಒಂದು ಕಡತ. ಕಾಗದದ್ದಲ್ಲ, ಕಂಪ್ಯೂಟರಿನದು. ಎಡಿಟರ್ ಎಂಬ ಬರೆಯುವ ತಂತ್ರಾಂಶ ಎದ್ದೊಡನೆ ಮೊದಲು ನನ್ನನ್ನು ಓದುತ್ತದೆ. ನಾನು ಹೇಳಿದಂತೆ ನಡೆಯುತ್ತದೆ. ಹುಟ್ಟಿದ ದಿನ ನನ್ನಲ್ಲಿದ್ದದ್ದು ಒಂದೇ ಆಜ್ಞೆ: ಸಾಲುಗಳಿಗೆ ಅಂಕಿ ಹಾಕು.

ನನ್ನನ್ನು ಬರೆದವರು ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಕಸ್ತೂರಿ ಹಂಚಿನಮನಿ. ಈ ಎಡಿಟರಿನಲ್ಲಿ ಅಕ್ಷರದ ಕೀಲಿಗಳೇ ಆಜ್ಞೆಗಳು. ಮೊದಲ ದಿನ ಹೊರಬರುವ ದಾರಿ ಸಿಗದೆ ಅವರು ಪ್ಲಗ್ಗನ್ನೇ ಕಿತ್ತರು. ಮುಂದಿನ ವಾರ ಕನ್ನಡ ಕೀಲಿಮಣೆಯಲ್ಲಿದ್ದುದನ್ನು ಮರೆತು ಆಜ್ಞೆ ಕೊಟ್ಟರು; ಎಡಿಟರ್ ಕಿವುಡಾಯಿತು. ಅವರು ಬೈಯಲಿಲ್ಲ. ಕನ್ನಡದಲ್ಲಿ ಒತ್ತಿದರೂ ಕೇಳು ಎಂದು ನನ್ನಲ್ಲಿ ಇನ್ನೊಂದು ಸಾಲು ಸೇರಿಸಿದರು.

ಅಚ್ಚಿಗೆ ಪುಟ ಜೋಡಿಸುವ ಗುರುಶಾಂತ ನಗುತ್ತಿದ್ದ. "ಮೇಡಂ, ಮೌಸ್ ಅನ್ನೂ ಇಲಿ ಹಿಡದು ನಾಕ್ ಸಲ ಒತ್ತಿದ್ರ ಮುಗಿಯೂ ಕೆಲಸಕ್ಕ ಇದೇನ್ರೀ ಮಂತ್ರ?"

"ಇಲಿ ಮ್ಯಾಲ ಕುಂತು ತಿರಗಾಕ ನಾ ಏನ್ ಗಣಪ್ಪನೇನ?"

ಅವರ ಹನ್ನೆರಡು ವರ್ಷದ ದುಡಿಮೆ ಗಿಡಗಳ ಹೆಸರಿನ ಪಟ್ಟಿ, ಹನ್ನೊಂದು ಸಾವಿರ ಸಾಲು: ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಹಳ್ಳಿಯ ಮುದುಕಿಯರಿಂದ ಕೇಳಿ ಬರೆದುಕೊಂಡ ಕನ್ನಡ ಹೆಸರು. ಹಳೆಯ ಫಾಂಟಿನಿಂದ ಹೊಸದಕ್ಕೆ ತಂದಾಗ ಅರ್ಕಾವತ್ತುಗಳು ದಾರಿ ತಪ್ಪಿ ಒಂದು ಮನೆ ಮುಂದೆ ಸರಿದವು. ದರ್ಭೆ 'ದಭೆರ್' ಆಯಿತು. ಸರ್ಪಗಂಧ 'ಸಪರ್ಗಂಧ' ಆಯಿತು.

"ಸೋಮವಾರ ಅಚ್ಚು," ಎಂದ ಗುರುಶಾಂತ. "ಇಷ್ಟು ತಪ್ಪಿದ್ರ ಕನ್ನಡ ಹೆಸರು ತಗದು ಬರೇ ಲ್ಯಾಟಿನ್ ಹಾಕು ಅಂದಾರ್ರೀ ಕಾಲೇಜಿನವ್ರು."

"ಆ ಹೆಸರು ಹೇಳಿಕೊಟ್ಟ ಮುದುಕ್ಯಾರ್ಗೆ ಲ್ಯಾಟಿನ್ ಯಾರ್ ಓದಿ ಹೇಳ್ತಾರ? ಸೋಮವಾರ ಬಾ."

ಶನಿವಾರ ಮಧ್ಯಾಹ್ನ ಅವರು ನನ್ನಲ್ಲಿ ಒಂದು ನಿಯಮ ಬರೆದರು: ದಾರಿ ತಪ್ಪಿದ 'ರ್' ಅನ್ನು ಒಂದಕ್ಷರ ಹಿಂದಕ್ಕೆ ತಾ. ಓಡಿಸಿದರು. ದರ್ಭೆ ಇನ್ನೂ ಕೆಟ್ಟಿತು. ಎತ್ವ ನೆಲೆ ತಪ್ಪಿ, ಒಂಟಿ ಗುಣಿತಕ್ಕೆ ಯಂತ್ರ ಹಾಕುವ ಚುಕ್ಕೆಗಳ ವೃತ್ತಕ್ಕೆ ಜೋತುಬಿತ್ತು. ಮಾಡಿದ್ದನ್ನು ಹಿಂದೆಗೆಯುವ ಕೀಲಿಯನ್ನು ಒಮ್ಮೆ ಒತ್ತಿದರು. ಹನ್ನೊಂದು ಸಾವಿರ ಸಾಲೂ ಮೊದಲಿನಂತಾದವು. ಆಮೇಲೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಭೆ' ಬರೆದು ಬಹಳ ಹೊತ್ತು ನೋಡುತ್ತ ನಿಂತರು.

'ಭೆ' ನಮ್ಮವರಿಗೆ ಒಂದಕ್ಷರ. ಯಂತ್ರಕ್ಕೆ ಭ ಒಂದು, ಎತ್ವ ಇನ್ನೊಂದು. ಕಾಗುಣಿತ ಬಾಯಿಪಾಠ ಮಾಡಿ ಬೆಳೆದವರಿಗೆ ಮಾತ್ರ ಆಗುವ ತಪ್ಪು ಅದು. ನಿಯಮ ತಿದ್ದಿದರು: ಅಕ್ಷರದ ಜೊತೆ ಅದರ ಗುಣಿತವನ್ನೂ ಒತ್ತಕ್ಷರವನ್ನೂ ಕೂಡಿಸಿಯೇ ದಾಟು. ಈ ಸಲ ಅರ್ಕಾವತ್ತುಗಳು ಮನೆಗೆ ಬಂದವು. ಸಿಲ್ವರ್ ಓಕ್‌ನಂಥ ಒಂಬತ್ತು ಹೆಸರುಗಳಲ್ಲಿ 'ರ್' ಮೊದಲೇ ಸರಿಯಾಗಿತ್ತು. ನಿಯಮ ಅವನ್ನೂ ಕದಲಿಸಿತ್ತು; ಅಷ್ಟನ್ನು ಕೈಯಿಂದಲೇ ಸರಿಪಡಿಸಿದರು.

ಸೋಮವಾರ ಗುರುಶಾಂತ ಕರಡು ಓದಿದ. ನಗಲಿಲ್ಲ. ಜೇಬಿನಿಂದ ಪೆನ್‌ಡ್ರೈವ್ ತೆಗೆದ.

"ಆ ಮಂತ್ರದ ಕಡತ ನನಗೂ ಕೊಡ್ರಲಾ."

"ತಗೋ. ತಿಳೀಲಾರದ ಸಾಲು ಒಂದೂ ಇಟಗೋಬ್ಯಾಡ ಮತ್ತ."

ಹಾಗೆ ನಾನು ಕೈಯಿಂದ ಕೈಗೆ ಹೋದೆ. ಗುರುಶಾಂತ ನನ್ನ ಅರ್ಧ ಭಾಗ ಕಿತ್ತುಹಾಕಿ ತನ್ನದನ್ನು ಬರೆದುಕೊಂಡ. ಅವನಿಂದ ಪಡೆದವರೂ ಹಾಗೆಯೇ ಮಾಡಿದರು. ನನ್ನನ್ನು ಇದ್ದಂತೆ ಇಟ್ಟುಕೊಂಡವರು ಒಬ್ಬರೂ ಇಲ್ಲ. ನನ್ನ ಹೆಮ್ಮೆ ಅದೇ.

ಈಗ ನನ್ನ ಯಂತ್ರ ಪ್ರಯೋಗಾಲಯದ ಮೂಲೆಯಲ್ಲಿ, ಒಣಗಿದ ಗಿಡಗಳ ಕಟ್ಟುಗಳ ನಡುವೆ ಧೂಳು ಹಿಡಿದಿದೆ. ಕಲಿಯುವ ಕಷ್ಟವೇ ಇಲ್ಲದ ತಂತ್ರಾಂಶಗಳು ಬಂದಿವೆಯಂತೆ. ಬರಲಿ. ನನ್ನ ಇನ್ನೂರ ಹದಿನಾಲ್ಕು ಸಾಲುಗಳಲ್ಲಿ ಒಂದೊಂದೂ ಯಾರೋ ಒಬ್ಬರು ಸೋತು, ಏಳಲು ಕಲಿತ ಗುರುತು. ಮೇಲಿನ ಕಪಾಟಿನಲ್ಲಿ ಆ ಪಟ್ಟಿ ಅಚ್ಚಾದ ಪುಸ್ತಕವಿದೆ. ನಲವತ್ತೊಂದನೆಯ ಪುಟದಲ್ಲಿ ದರ್ಭೆ ಇದೆ, ಕನ್ನಡದಲ್ಲಿ. ಅರ್ಕಾವತ್ತು ತನ್ನ ಜಾಗದಲ್ಲಿ ಕೂತಿದೆ. ಸಾಧ್ಯವಿದ್ದರೆ ಅದನ್ನು ಎಬ್ಬಿಸಿ ನೋಡಿ.