ಕೆಂಪು ಬಳಿದ ಹನ್ನೆರಡು ಅಲಗುಗಳು

“ಆ ಪುಸ್ತಕ ನನಗೆ ಬೇಡ, ಮಿಸೆಸ್ ಪಿಂಟೊ. ಒಂದು ದಿನ ನಿಮ್ಮ ಯಜಮಾನರು ಏನು ಬರೆದರೋ ಅದನ್ನು ಓದಿ ಹೇಳಿದರೆ ಸಾಕು,” ಎಂದರು ಷೆನ್.

ಬೀಟ್ರಿಸ್ ಬಾಯಿ ಮಡಿಲಲ್ಲಿದ್ದ ಹಸಿರು ರಟ್ಟಿನ ಪುಸ್ತಕದ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರು. ಗಂಡ ಸ್ಟ್ಯಾನಿಸ್ಲಾಸ್ ತೀರಿಕೊಂಡು ಆರು ವಾರವಾಗಿತ್ತು. ಲಂಡನ್ನಿನ ಕಿಂಗ್ಸ್‌ಬರಿಯ ಆ ಮನೆಗೆ ಸಂತಾಪ ಹೇಳಲು ಬಂದವರೆಲ್ಲ ಹೂವು ತಂದಿದ್ದರು. ಚೀನಾದಿಂದ ಸಮ್ಮೇಳನಕ್ಕೆಂದು ಬಂದ ಈ ಷೆನ್ ಹೂವಿನ ಜೊತೆ ಒಂದು ತಾರೀಖನ್ನೂ ತಂದಿದ್ದರು: ಮಾರ್ಚ್ ಹನ್ನೊಂದು, ೧೯೯೬.

ಬೀಟ್ರಿಸ್ ಬಾಯಿ ಮರೆಯುವ ತಾರೀಖಲ್ಲ ಅದು. ಒಬ್ಬನೇ ಮಗ ಆಲನ್‌ನನ್ನು ಮಣ್ಣು ಮಾಡಿದ್ದು ಒಂಬತ್ತರ ಶನಿವಾರ. ಮೆದುಳು ಜ್ವರ, ಮೂರೇ ದಿನ. ಹತ್ತೊಂಬತ್ತು ವರ್ಷದ ಹುಡುಗ. ಸೋಮವಾರ ಬೆಳಿಗ್ಗೆ ಸ್ಟ್ಯಾನಿಸ್ಲಾಸ್ ಎಂದಿನಂತೆ ಡಬ್ಬಿಗೆ ಊಟ ತುಂಬಿಕೊಂಡು ಕೆಲಸಕ್ಕೆ ಹೊರಟುಹೋದರು. ಕಣ್ಣಲ್ಲಿ ಒಂದು ಹನಿಯಿಲ್ಲ. ಆ ಸೋಮವಾರವನ್ನು ಬೀಟ್ರಿಸ್ ಬಾಯಿ ಕ್ಷಮಿಸಿರಲಿಲ್ಲ. ಪಾಪನಿವೇದನೆಯಲ್ಲಿ ಪಾದ್ರಿಯ ಮುಂದೆ ಹೇಳಿಕೊಂಡಿದ್ದರು. ಗಂಡನ ಮುಂದೆ ಒಮ್ಮೆಯೂ ಹೇಳಿರಲಿಲ್ಲ.

ಪಕ್ಕದ ರಸ್ತೆಯ ಮೋಹಿನಿ ಚಹಾ ತಂದಿಟ್ಟಳು. ಕುಂದಾಪುರದವಳು; ಪರಗಂಡಸಿನೊಡನೆ ಗೆಳತಿಯನ್ನು ಒಂಟಿಯಾಗಿ ಬಿಡಲಾಗದೆ ಬಂದು ಕೂತಿದ್ದಳು.

“ಇವ್ರ್ ಚಾಯಿಗೆ ಹಾಲ್ ಹಾಕ್ತಿಲ್ಲೆ ಅಂಬ್ರು. ಬರೀ ಬಿಸಿನೀರ್ ಕುಡ್ದಂಗೆ ಆತಿಲ್ಯಾ?”

“ನೀನು ಸುಮ್ಮನೆ ಕೂತ್ಕೋ ಮಾರಾಯ್ತಿ.”

“ಕೂತೆ. ಪುಸ್ತಕ ಮಾತ್ರ ಕೊಡ್ಬೇಡಿ ಬಾಯಮ್ಮ. ಯುದ್ಧದ್ ವಿಮಾನದ ಕೆಲ್ಸ ಅಲ್ದಾ ಇವ್ರದ್ದು?”

ಹೌದು, ಅದೇ ಕೆಲಸ. ಒಂಬತ್ತು ವರ್ಷದ ಹಿಂದೆ ಪ್ರಯಾಣಿಕರ ವಿಮಾನದ ಎಂಜಿನ್ ಕಲಿಯಲೆಂದು ಷೆನ್ ಆರು ತಿಂಗಳು ಲಂಡನ್ನಿಗೆ ಬಂದು, ಎಂಜಿನ್ನಿನೊಳಗೆ ತಿರುಗುವ ಅಲಗುಗಳನ್ನು ಎರಕ ಹೊಯ್ಯುವ ಕುಲುಮೆಯಲ್ಲಿ ಸ್ಟ್ಯಾನಿಸ್ಲಾಸ್ ಜೊತೆ ನಿಂತಿದ್ದರು. ಈಗ ತಮ್ಮ ದೇಶದಲ್ಲಿ ಸೇನೆಯ ಎಂಜಿನ್ ಮಾಡುತ್ತಾರೆ. ಸ್ಟ್ಯಾನಿಸ್ಲಾಸ್ ಕೆಲಸದ ಟಿಪ್ಪಣಿಯನ್ನು ಮಂಗಳೂರು ಕಡೆಯ ಕ್ರೈಸ್ತರ ರೂಢಿಯಂತೆ ಕನ್ನಡ ಲಿಪಿಯ ಕೊಂಕಣಿಯಲ್ಲಿ ಬರೆಯುತ್ತಿದ್ದರು. ಕಾರ್ಖಾನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಕಾರ್ಖಾನೆಯ ಗುಟ್ಟನ್ನು ಹೊರಗೆ ಹೇಳುವುದಿಲ್ಲವೆಂದು ಅವರು ಸಹಿ ಹಾಕಿದ್ದೂ ಬೀಟ್ರಿಸ್ ಬಾಯಿಗೆ ಗೊತ್ತಿತ್ತು.

“ಆ ದಿನ ಏನಾಯಿತು?” ಎಂದು ಕೇಳಿದರು.

“ಹನ್ನೆರಡು ಅಲಗು ಎರಕವಾಯಿತು. ಎಕ್ಸ್‌ರೇ ಸರಿ, ಆಮ್ಲದ ಪರೀಕ್ಷೆ ಸರಿ, ಎಲ್ಲ ಸರಿ. ಆದರೂ ನಿಮ್ಮವರು ಹನ್ನೆರಡಕ್ಕೂ ಕೆಂಪು ಬಣ್ಣ ಬಳಿದು ಗುಜರಿಗೆ ಹಾಕಿದರು. ಯಾಕೆಂದು ಕೇಳಿದರೆ ‘ಸಂಶಯ’ ಎಂದರು, ಅಷ್ಟೇ. ಅವರ ಕಣ್ಣಿಗೆ ಕಂಡದ್ದೇನು ಎಂದು ಅಂದಿನಿಂದ ಹುಡುಕುತ್ತಿದ್ದೇನೆ.”

ಷೆನ್ ಬಟ್ಟಲನ್ನು ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ.

“ನಮ್ಮಲ್ಲಿ ಹತ್ತು ಅಲಗು ಮಾಡಿದರೆ ಏಳು ಕೆಡುತ್ತವೆ. ಇರುವ ಎಂಜಿನ್ನಿನ ದೋಷ ತಿದ್ದಲು ಕಾಲ ಕೊಡಿ ಎಂದರೆ ಮೇಲಿನವರು ಹೊಸ ಎಂಜಿನ್ ಎಲ್ಲಿ ಎನ್ನುತ್ತಾರೆ. ವಿಮಾನ ಹಾರಿದರೆ ಚಪ್ಪಾಳೆ. ಎಂಜಿನ್ ನೂರು ಗಂಟೆ ಹೆಚ್ಚು ಬಾಳಿದರೆ ಯಾರು ಚಪ್ಪಾಳೆ ತಟ್ಟುತ್ತಾರೆ? ಕಳೆದ ವರ್ಷ ಒಂದು ಸಾಲು ಅಲಗು ಬಂತು. ಪರೀಕ್ಷೆ ಎಲ್ಲ ಸರಿ. ನನ್ನ ಮನಸ್ಸು ಮಾತ್ರ ಒಪ್ಪಲಿಲ್ಲ. ತೋರಿಸಲು ಕಾರಣವಿರಲಿಲ್ಲ. ಹಾರಾಟದ ದಿನ ನಿಗದಿಯಾಗಿತ್ತು. ಸಹಿ ಹಾಕಿದೆ. ವಿಮಾನ ಬಿತ್ತು. ಆ ಪೈಲಟನಿಗೆ ಇಪ್ಪತ್ತೊಂಬತ್ತು ವರ್ಷ. ಅವನ ತಾಯಿ ನನ್ನನ್ನು ಏನೂ ಕೇಳಲಿಲ್ಲ.”

ಬೀಟ್ರಿಸ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಪುಸ್ತಕ ತೆರೆದರು. ಪುಟವನ್ನು ಮೊದಲು ತಮ್ಮಷ್ಟಕ್ಕೆ ಓದಿದರು. ಮತ್ತೆ ಮೊದಲಿನಿಂದ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಇದರಲ್ಲಿ ಗುಟ್ಟು ಏನೂ ಇಲ್ಲ,” ಎಂದು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಂದರು. “‘ಲೋಹ ಸುರಿದ ಮೇಲೆ ಹತ್ತು ಸಲ ನಮಾನ್ ಮರಿಯೆ ಜಪ ಹೇಳಿ ಕುಲುಮೆಯ ಬಿಸಿಯಿಂದ ಅಚ್ಚು ಇಳಿಸುವುದು ನನ್ನ ರೂಢಿ. ಗಡಿಯಾರಕ್ಕಿಂತ ಅದೇ ನನಗೆ ನಂಬಿಕೆ. ಇಂದು ಮೂರನೆಯದಕ್ಕೆ ಆಲನ್‌ನ ಮುಖ ಬಂತು. ಆಮೇಲೆ ಎಷ್ಟು ಹೇಳಿದೆನೋ ತಿಳಿಯದು. ಬೇಗ ಇಳಿಸಿದೆನೋ ತಡವಾಯಿತೋ ತಿಳಿಯದು. ಅಲಗಿನಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಅವು ನಾನು ಅಳುತ್ತಾ ಮಾಡಿದವು. ಯಾರದೋ ಮಕ್ಕಳು ಅವನ್ನು ನಂಬಿ ವಿಮಾನದಲ್ಲಿ ಕೂರುತ್ತಾರೆ. ಹನ್ನೆರಡಕ್ಕೂ ಕೆಂಪು ಬಳಿದೆ. ಮನೆಯಲ್ಲಿ ಬೀಟ್ರಿಸ್ ಒಬ್ಬಳೇ ಇದ್ದಾಳೆ. ಅವಳ ಮುಂದೆ ಅತ್ತರೆ ಅವಳು ಉಳಿಯಲಿಕ್ಕಿಲ್ಲ.’”

ಷೆನ್ ತಲೆ ಎತ್ತಲಿಲ್ಲ. “ಹಾಗಾದರೆ ಅವರಿಗೆ ಏನೂ ಕಂಡಿರಲಿಲ್ಲ.”

“ಇಲ್ಲ.”

“ಸಂಶಯವೊಂದೇ ಸಾಕಾಗಿತ್ತು ಅವರಿಗೆ.” ಮೋಹಿನಿ ಎದ್ದು ಬಂದು ಅವರ ಕೈಯ ತಣ್ಣಗಾದ ಬಟ್ಟಲನ್ನು ತೆಗೆದುಕೊಂಡಳು.

ಬೀಟ್ರಿಸ್ ಬಾಯಿ ಪುಟ ತಿರುಗಿಸಿದರು. ಮುಂದಿನ ಪುಟಗಳಲ್ಲಿ ದಿನಕ್ಕೊಂದು ಸಾಲು. “ಇಂದು ನಾಲ್ಕನೆಯ ಜಪದ ತನಕ, ಆಮೇಲೆ ಆಲನ್.” “ಇಂದೂ ನಾಲ್ಕು.” “ಇಂದು ಆರು.”

“ಆ ದಿನಗಳಲ್ಲಿ ಅಚ್ಚು ಇಳಿಸುತ್ತಿದ್ದದ್ದು ಯಾರು?” ಎಂದು ಕೇಳಿದರು.

“ನಾನು,” ಎಂದರು ಷೆನ್. “ಮರುದಿನವೇ ಸನ್ನೆಕೋಲನ್ನು ನನ್ನ ಕೈಗೆ ಕೊಟ್ಟರು. ಗಡಿಯಾರ ನೋಡಿ ಮಾಡು, ಕಲಿತುಕೋ ಎಂದರು. ಪಕ್ಕದಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದರು. ನನ್ನ ಕೆಲಸ ಮೆಚ್ಚಿದ್ದಾರೆಂದು ಆಗ ನಾನು ಹಿಗ್ಗಿದ್ದೆ.”

“ನಿಮ್ಮನ್ನು ನಂಬಿದ್ದಕ್ಕೇ ಕೊಟ್ಟರು,” ಎಂದರು ಬೀಟ್ರಿಸ್ ಬಾಯಿ.

ಷೆನ್ ಮುಖ ಮುಚ್ಚಿಕೊಂಡರು. ಬೀಟ್ರಿಸ್ ಬಾಯಿ ಪುಸ್ತಕವನ್ನು ಅವರ ಕಡೆಗೆ ಸರಿಸಿ, ಇಬ್ಬರಿಗೂ ಕಾಣುವಂತೆ ಹಿಡಿದರು. ಬೆರಳಿನಿಂದ ಸಾಲುಗಳನ್ನು ತೋರಿಸುತ್ತಾ ಓದುತ್ತಾ ಹೋದರು. ಏಪ್ರಿಲ್‌ನಲ್ಲಿ ಏಳು. ಮೇ ತಿಂಗಳಲ್ಲಿ ಎಂಟು, ಮತ್ತೆ ಐದು, ಮತ್ತೆ ಎಂಟು. ಆಗಸ್ಟಿನ ಕೊನೆಯಲ್ಲಿ “ಒಂಬತ್ತು” ಎಂದಿತ್ತು. ಅಲ್ಲಿಂದ ಮುಂದೆ ಬರಹವಿರಲಿಲ್ಲ; ಹತ್ತು ಎಲ್ಲೂ ಬಂದಿರಲಿಲ್ಲ. ಬೀಟ್ರಿಸ್ ಬಾಯಿ ನಿಲ್ಲಿಸಲಿಲ್ಲ. ಖಾಲಿ ಹಾಳೆಗಳನ್ನು ಒಂದೊಂದಾಗಿ, ಎರಡು ಅಂಟಿಕೊಂಡಲ್ಲಿ ಬೆರಳು ಒದ್ದೆ ಮಾಡಿ ಬಿಡಿಸುತ್ತಾ, ತಿರುಗಿಸುತ್ತಲೇ ಇದ್ದರು.