ಘಾಟಿನ ಕೆಮ್ಮು

ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಮೆಣಸಿನಕಾಯಿ ಘಾಟು ಎಂದರೆ ಮುಗಿಯಿತು. ಪೇಟೆಯಲ್ಲಿ ಇಪ್ಪತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದ ದೇವವ್ವನಂತೂ ಕೆಮ್ಮುತ್ತಲೇ ಮಗಳು ಸುಚಿತ್ರಾಳನ್ನು ಹಾವೇರಿಯ ಮೆಡಿಕಲ್ ಕಾಲೇಜಿನ ಮೂರನೇ ವರ್ಷದವರೆಗೆ ತಂದು ನಿಲ್ಲಿಸಿದ್ದಳು.

ಮಗಳಿಗೆ ಸೋಂಕು ರೋಗಗಳೆಂದರೆ ಹುಚ್ಚು. ಉಳಿದವರು ಹೃದಯ, ಮೆದುಳು ಎಂದು ಕನಸು ಕಾಣುವಾಗ ಇವಳು ಕ್ಷಯದ ಪುಸ್ತಕ ಹಿಡಿದು ಊಟ ಮರೆಯುತ್ತಿದ್ದಳು. ವಿದ್ಯಾರ್ಥಿಗಳೇ ಕಟ್ಟಿಕೊಂಡ ಸೋಂಕುರೋಗ ಸಂಘಕ್ಕೆ ಈ ಸಲ ಅವಳೇ ಅಧ್ಯಕ್ಷೆ. ಅಧ್ಯಕ್ಷಗಿರಿ ಸಣ್ಣದಿರಲಿ ದೊಡ್ಡದಿರಲಿ, ತಲೆಗೇರುವುದು ಒಂದೇ ರೀತಿ.

ಸಂಘದ ಮೊದಲ ಕ್ಷಯ ತಪಾಸಣೆ ಶಿಬಿರ ರಾಣೆಬೆನ್ನೂರಿನಲ್ಲಿ. ಮಗಳು ಮೈಕ್ ಹಿಡಿಯುವುದನ್ನು ನೋಡಲು ದೇವವ್ವ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದಳು. "ಎರಡು ವಾರ ಕೆಮ್ಮಿದ್ರ ಕಫ ಪರೀಕ್ಷೆ ಮಾಡಿಸ್ರಿ," ಎಂದು ಮಗಳು ಹೇಳುತ್ತಿದ್ದಾಗ ಅವ್ವ ಮುಂದಿನ ಸಾಲಿನಲ್ಲೇ ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದಳು. ಭಾಷಣ ಮುಗಿದ ಮೇಲೆ ಎಲ್ಲರ ಹಿಂದೆ ನಿಂತು ಕಫದ ಡಬ್ಬಿಯನ್ನೂ ಇಸಿದುಕೊಂಡಳು.

ಸುಚಿತ್ರಾಗೆ ನಾಚಿಕೆಯಾಯಿತು. ಅಧ್ಯಕ್ಷೆಯ ತಾಯಿಯೇ ಪಾಳಿ ಹಚ್ಚಿದರೆ ಗೆಳೆಯರು ಏನೆಂದುಕೊಂಡಾರು?

"ನಿಂದು ಘಾಟಿನ ಕೆಮ್ಮು ಬೇ ಯವ್ವಾ. ಡಬ್ಬಿ ಕಡಿಮಿ ಅದಾವ, ಕೊಡ ಇಲ್ಲೆ."

"ಹೌದೇನ? ನೀ ಅಂದ ಮ್ಯಾಲ ಆತು ಬಿಡು." ದೇವವ್ವ ಡಬ್ಬಿ ಕೊಟ್ಟು, ನಗುತ್ತಲೇ ಊರಿಗೆ ಹೋದಳು.

ನಾಲ್ಕು ತಿಂಗಳಿಗೆ ರಕ್ತ ಕಾರಿಕೊಂಡಳು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕ್ಷಯ ಎರಡೂ ಶ್ವಾಸಕೋಶ ತಿಂದುಹಾಕಿತ್ತು. ಗುಳಿಗೆ ಶುರುವಾದ ಒಂಬತ್ತನೆಯ ದಿನ ತೀರಿಕೊಂಡಳು. ಹೊತ್ತಿಗೆ ಸರಿಯಾಗಿ ಹಿಡಿದರೆ ಆರು ತಿಂಗಳ ಗುಳಿಗೆಗೆ ಹೋಗುವ ರೋಗ. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಸುಚಿತ್ರಾ ಪೂರ್ತಿ ಅಂಕ ಪಡೆದಿದ್ದಳು.

ಮಣ್ಣು ಮಾಡಿದ ಮೂರನೆಯ ದಿನ, ಅವ್ವನ ಪಕ್ಕದಲ್ಲೇ ಕೂತು ತೊಟ್ಟು ಬಿಡಿಸುತ್ತಿದ್ದ ಚಮನಬಿ ಮಾತಾಡಿಸಿಕೊಂಡು ಹೋಗಲು ಬಂದಳು.

"ದವಾಖಾನಿಗೆ ಹೋಗೂಣು ನಡಿ ಅಂತ ಎಷ್ಟ ಸಲ ಜಗ್ಗೇನಿ. 'ನನ್ನ ಮಗಳು ನೋಡ್ಯಾಳ, ಘಾಟಂತ. ಅಕಿಗಿಂತ ನಿನಗ ಗೊತ್ತೇನ?' ಅಂತಿದ್ಲು. ಎಲ್ಲಾರ ಮುಂದೂ ಹೆಮ್ಮಿಲೆ ಹೇಳ್ತಿದ್ಲವ್ವಾ."

ಸುಚಿತ್ರಾಳ ಎದೆ ಒಡೆಯಿತು. ಅವ್ವನನ್ನು ನಾನೇ ಕೊಂದೆ ಎಂದು ಕೂಗಬೇಕೆನಿಸಿತು.

ಚಮನಬಿ ಸೆರಗಿನಿಂದ ಅವಳ ಕಣ್ಣೊರೆಸಿ, ಆಚೆ ತಿರುಗಿ ಒಂದಿಷ್ಟು ಕೆಮ್ಮಿದಳು. "ನನಗೂ ತಿಂಗಳಾತು. ಘಾಟ ಇರಬೇಕಲ್ಲ? ನೀ ಒಂದ ಮಾತು ಹೇಳಿಬಿಡು ಬೇಟಿ, ನಂಬ್ತೇನಿ."

ಸುಚಿತ್ರಾ ಅವಳ ಕಾಲು ಹಿಡಿದುಕೊಂಡು ಬಿಕ್ಕಿದಳು. "ನನ್ನ ಮಾತು ನಂಬಬ್ಯಾಡ ಚಾಚಿ. ಏಳು, ದವಾಖಾನಿಗೆ ನಡಿ."