ಖಾಲಿ ಡಬ್ಬಿಯ ಘಮ

ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ ಡಬ್ಬಿಯ ತಳ ಬಿಸಿಲಿಗೆ ಫಳಕ್ಕನೆ ಹೊಳೆದು ಕಣ್ಣಿಗೆ ಚುಚ್ಚಿತು, ಯಾರಪ್ಪ ಇದನ್ನು ತೊಳೆದಿಟ್ಟವರು, ಹಬ್ಬದ ಹಿಂದಿನ ದಿನ ಡಬ್ಬಿ ತೊಳೆಯುವಷ್ಟು ಪುರುಸೊತ್ತು ಈ ಬೇಕರಿಯಲ್ಲಿ ಯಾರಿಗಿದೆ, ಹಾಳಾಗಿ ಹೋಗಲಿ, ದೊರೆಸಾನಿ ಕಣ್ಣು ತಿರುಗಿಸಿ ಮತ್ತೆ ಹಿಟ್ಟಿಗೆ ಮುಷ್ಟಿ ಇಳಿಸಿದಳು — ದೊರೆಸಾನಿ ಎನ್ನುವುದು ಬೀದಿಯವರು ಹೊಟ್ಟೆಕಿಚ್ಚಿಗೆ ಇಟ್ಟ ಹೆಸರು, ಅವಳು ಅದನ್ನು ಬಿರುದಿನ ಹಾಗೆ ತೊಟ್ಟುಕೊಂಡಳು — ಹಿಟ್ಟು ಪುಸ್ಸೆಂದು ಉಸಿರು ಬಿಟ್ಟಿತು, ಈಸ್ಟ್ ಜೋರಾಗಿದೆ, ಪಾತ್ರೆಯ ಕಂಠ ದಾಟಿ ಉಬ್ಬಿದೆ, ಬಿಟ್ಟರೆ ಬಾಗಿಲು ತೆಗೆದುಕೊಂಡು ಬೀದಿಗಿಳಿದು ನಡೆದೇಬಿಡುತ್ತದೆ, ಅವಳು ಕಲಸಿದ ಹಿಟ್ಟು ಯಾವತ್ತೂ ಹಾಗೇ, ಒಂದು ವರ್ಷ ಮುಚ್ಚಳದ ಮೇಲೆ ಹೇರಿದ್ದ ತಕ್ಕಡಿಯ ಕಬ್ಬಿಣದ ಕಲ್ಲನ್ನೇ ಎತ್ತಿ ಕೆಳಗೆ ಒಗೆದಿತ್ತು, ಮೈದುನನ ಕಾಲಿನ ಹೆಬ್ಬೆರಳು ಇವತ್ತಿಗೂ ಸೊಟ್ಟಗಿರುವುದೇ ಅದಕ್ಕೆ ಸಾಕ್ಷಿ. ನಾದು, ಮಡಚು, ತಿರುಗಿಸು, ಬಡಿ. ಚಳಿ ಹಿಂದೆ ಸರಿದು ಮರಗಳು ಚಿಗುರೊಡೆದಿವೆ, ನಾಳೆ ಶುಭ ಶುಕ್ರವಾರ, ಉಪವಾಸದ ಹಬ್ಬ, ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ ಬಂದವರೆಲ್ಲ ಈ ಬಾಗಿಲ ಮುಂದೆ ಸಾಲು ನಿಲ್ಲುತ್ತಾರೆ, ವರ್ಷಕ್ಕೊಮ್ಮೆ ಮಾಡುವ ಬನ್ನು, ಒಳಗೆ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ನೆತ್ತಿಯ ಮೇಲೆ ಬಿಳಿ ಗಂಜಿಯ ಶಿಲುಬೆ ಗೆರೆ, ಮತ್ತೆ ಮಸಾಲೆ, ಅವಳ ಮಸಾಲೆ, ಅದಕ್ಕೆ ಅಳತೆ ಇಲ್ಲ, ಅತ್ತೆ ಅಳತೆ ಇಡಲು ಬಿಡಲೇ ಇಲ್ಲ, ಚಕ್ಕೆ ಒಂದೊಂದು ವರ್ಷ ಒಂದೊಂದು ಥರ ಬರುತ್ತೆ ಕಣೇ, ಲವಂಗಾನೂ ಹಾಗೇ, ಅಳತೆ ಮಾತ್ರ ಅದೇ ಹಿಡ್ಕೊಂಡು ಕೂತ್ರೆ ಬನ್ನು ಪೆದ್ದಾಗುತ್ತೆ, ಮೂಗು ಹೇಳಿದಷ್ಟು ಹಾಕು, ಹಾಗೆಂದು ಮರದ ಚಮಚವನ್ನು ಸ್ವಂತ ಮಗಳಿಗೂ ಕೊಡದೆ ಹೊಸದಾಗಿ ಮನೆಗೆ ಬಂದ ಸೊಸೆಯ ಕೈಗೆ ಇಟ್ಟಳು, ಯಾಕೆಂದರೆ ಅಂಥ ಮೂಗು ಭೂಮಿಯ ಮೇಲೆ ಇನ್ನೊಂದಿರಲಿಲ್ಲ, ಗಿರಣಿಯವನ ಮೈದಾದಲ್ಲಿ ಹಳೆಯದು ಬೆರೆತದ್ದನ್ನು ಚೀಲ ಬಿಚ್ಚುವ ಮೊದಲೇ ಹಿಡಿದ ಮೂಗು, ಮಳೆ ಬರುವುದನ್ನು ಮೋಡಕ್ಕಿಂತ ಮುಂಚೆ ತಿಳಿದ ಮೂಗು, ದಾರಿ ತಪ್ಪಿದ ಬೀದಿನಾಯಿಗಳು ಅವಳ ಹತ್ತಿರ ವಿಳಾಸ ಕೇಳಲು ಬರುತ್ತಿದ್ದವು. ಆ ಮೂಗು ಸತ್ತು ಹೋಗಿದೆ. ಚಳಿಗಾಲದ ಜ್ವರ ಬಿಟ್ಟ ದಿನ ಎದ್ದು ಭಟ್ಟಿಯ ಮುಂದೆ ನಿಂತರೆ ಬರೀ ಬಿಸಿ, ಬರೀ ಗಾಳಿ, ಬರಬಹುದಮ್ಮಾ, ಬರದೇನೂ ಇರಬಹುದು, ಅಂದ ಡಾಕ್ಟರು, ಅದನ್ನು ಹೇಳಲು ಅಷ್ಟು ಓದಬೇಕಾಗಿತ್ತೇ, ಅವಳು ಯಾರಿಗೂ ಬಾಯಿ ಬಿಡಲಿಲ್ಲ, ಬಿಡುವುದೂ ಇಲ್ಲ, ಮೈದುನನ ಹುಬ್ಬು ನೋಡಿ ಸೀದಿದೆ ಎನ್ನುತ್ತಾಳೆ, ಹೊಗೆಯ ಬಣ್ಣ ನೋಡಿ ಬೆಂದಿದೆ ಎನ್ನುತ್ತಾಳೆ, ಗಂಡ ಸಣ್ಣ ಶೀಶೆಯಿಂದ ಏನೋ ಬಳಿದುಕೊಳ್ಳುವುದನ್ನು ಕಂಡು ಏನ್ರೀ, ಇವತ್ತು ಅತ್ತರು ಜೋರು ಎಂದಳು, ಅದು ಮೊಣಕಾಲಿನ ಮುಲಾಮು, ಪಾಪ ಅವನು ಖುಷಿಯಾಗಿ ಇನ್ನೊಂದು ಮೊಣಕಾಲಿಗೂ ಬಳಿದುಕೊಂಡ. ಗೊತ್ತಾದರೆ ಚಮಚ ಹೋಗುತ್ತದೆ, ಅಷ್ಟೇ, ಮಾತಿಲ್ಲ ಕತೆಯಿಲ್ಲ, ಓರಗಿತ್ತಿಯ ಕೈಗೆ ಹೋಗುತ್ತದೆ, ಟ್ರೇ ಉಜ್ಜುತ್ತ ಇಷ್ಟು ವರ್ಷ ಕಾದವಳು, ಮೈದುನನ ಹೆಂಡತಿ, ಬೆಕ್ಕಿನ ಹೆಜ್ಜೆಯವಳು, ಮತ್ತೆ ದೊರೆಸಾನಿ ಮುಂಭಾಗದ ಅಂಗಡಿಯಲ್ಲಿ ಗಂಡನ ಪಕ್ಕ ಕೂತು ಬನ್ನಿಗೆ ಕಾಗದ ಸುತ್ತಬೇಕು, ಕಾಗದ! ಥೂ, ಅದಕ್ಕಿಂತ ಭಟ್ಟಿಯೊಳಗೆ ಟ್ರೇ ಜೊತೆ ತಾನೂ ಹೋಗಿ ಕೂತಾಳು.

ಅಕ್ಕಾ, ಈ ಚಕ್ಕೆ ಸ್ವಲ್ಪ ನೋಡಿ, ಹೊಸ ಅಂಗಡೀದು, ಹಾಕಬಹುದಾ — ಬಗಲಲ್ಲೇ ದನಿ, ಅದೇ ಬೆಕ್ಕಿನ ಹೆಜ್ಜೆ, ಮೂಗಿನ ಕೆಳಗೆ ತಂಪು ತಗಡಿನ ಅಂಚು ತಾಗಿತು, ಭಟ್ಟಿಯ ಪಕ್ಕದ ಸ್ಟೂಲಿನಿಂದ ಅತ್ತೆ ಕತ್ತು ಚಾಚಿದಳು, ಮೈದುನ ಟ್ರೇ ಎಳೆಯುವ ಸಲಿಕೆ ಹಿಡಿದು ನಿಂತೇಬಿಟ್ಟ, ನೋಡುವವರಿದ್ದರೆ ಮುಗಿಯಿತು, ದೊರೆಸಾನಿಯ ಕತ್ತು ತಾನಾಗಿ ಹಿಂದಕ್ಕೆ ಬಾಗಿತು, ಕಣ್ಣು ತಾನಾಗಿ ಮುಚ್ಚಿತು, ಹೊಳ್ಳೆ ಅರಳಿತು, ಮೂಸುವಾಗ ಕಣ್ಣು ಮುಚ್ಚುವುದು ಅವಳ ಠೀವಿ, ಊರಿಗೇ ಗೊತ್ತಿದ್ದ ಠೀವಿ, ಒಳಗೆ ಗಾಳಿ ಬಂತು, ಬರೀ ಗಾಳಿ, ಆದರೆ ಬಾಯಿಗೇನು ದಾಡಿ, ಇದನ್ನ ಚಕ್ಕೆ ಅಂತಾರೇನೇ, ಬರೀ ತೊಗಟೆ, ಗೋಣಿ ತಳದಲ್ಲಿ ಕೂತು ತೇವ ಕುಡಿದಿದೆ, ಸಾಲದ್ದಕ್ಕೆ ಆ ಪುಣ್ಯಾತ್ಮ ಇದನ್ನ ಸಾಬೂನಿನ ಪಕ್ಕ ಬೇರೆ ಇಟ್ಟಿದ್ದಾನೆ, ಎಸಿ ಆಚೆ — ಕಣ್ಣು ಬಿಟ್ಟಳು. ಡಬ್ಬಿಯ ತಳ ಹೊಳೆಯುತ್ತಿತ್ತು. ಖಾಲಿ ತಳ, ಅದರೊಳಗೆ ಒಂದು ಮೂಗು, ಅವಳದೇ, ಸೌತೆಕಾಯಿಯಷ್ಟು ಉದ್ದಕ್ಕೆ ಎಳೆದುಕೊಂಡು ಅವಳನ್ನೇ ನೋಡುತ್ತಿತ್ತು. ಡಬ್ಬಿ ಖಾಲಿ ಅಕ್ಕಾ, ಅಂದಳು ಓರಗಿತ್ತಿ ಮೆಲ್ಲಗೆ, ಬೆಳಿಗ್ಗೆ ನಾನೇ ತೊಳೆದಿಟ್ಟೆ. ಹಿಟ್ಟಿನಲ್ಲಿ ಒಂದು ಗುಳ್ಳೆ ಒಡೆಯಿತು, ಭಟ್ಟಿಯಲ್ಲಿ ಕಟ್ಟಿಗೆ ಚಟ್ಟೆಂದಿತು, ಭೂಮಿ ತಿರುಗುವುದನ್ನು ನಿಲ್ಲಿಸಿ ಅವಳ ಉತ್ತರಕ್ಕೆ ಕಾಯಿತು, ಕುಸಿದು ಕೂತೇ ಇರಲು ಅವಳೇನು ಹಳಸಿದ ಹಿಟ್ಟೇ, ಯಾವುದರಲ್ಲಿ ತೊಳೆದೆ? ಅಂದಳು ದೊರೆಸಾನಿ. ಏನು? ಡಬ್ಬಿ ಯಾವುದರಲ್ಲಿ ತೊಳೆದೆ ಅಂತ ಕೇಳ್ತಿದೀನಿ, ಕಿವಿ ಕೇಳ್ಸಲ್ವಾ? ಸಾ... ಸಾಬೂನಲ್ಲಿ. ನಾನೇನಂದೆ? ಸಾಬೂನು ಅಂದ್ನೋ ಇಲ್ವೋ, ಅತ್ತೇ, ನೀವೇ ಹೇಳಿ, ಅಂದ್ನೋ ಇಲ್ವೋ! ಅತ್ತೆ ಕಣ್ಣು ಕಿರಿದು ಮಾಡಿ ಹೂಂ, ಅಂದಹಾಗಾಯ್ತು, ಎಂದಳು. ಓರಗಿತ್ತಿ ಬಿಡಲಿಲ್ಲ, ತೊಗಟೆ ಅಂತಾನೂ ಅಂದ್ರಿ, ಗೋಣಿ ಅಂತಾನೂ... ತಮಾಷೆ ಅಂದ್ರೆ ಅರ್ಥ ಆಗ್ಬೇಕಮ್ಮ, ಖಾಲಿ ಡಬ್ಬಿ ಹಿಡ್ಕೊಂಡು ನನ್ನ ಪರೀಕ್ಷೆ ಮಾಡೋಕೆ ಬಂದೋಳಿಗೆ ಇನ್ನೇನು ಹೇಳ್ಲಿ. ಮುಖ ಮಹಾರಾಣಿಯದು. ಓರಗಿತ್ತಿ ಡಬ್ಬಿಯನ್ನು ಮತ್ತೆ ಕಟ್ಟೆಯ ಮೇಲೆ ಬೋರಲು ಇಟ್ಟಳು, ಹಾಗಾದ್ರೆ ಬೆರೆಸಿ ಅಕ್ಕಾ, ಅಂದಳು, ಇಲ್ಲೇ, ಎಲ್ಲರ ಮುಂದೆ, ನಾವೂ ನೋಡಿ ಕಣ್ತುಂಬಿಸ್ಕೋತೀವಿ.

ನೋಡು, ನೋಡು, ಕಣ್ಣು ಕಿತ್ತುಕೊಂಡು ಬಂದು ಬೀಳುವ ತನಕ ನೋಡು, ಮೂಗು ಹೋದರೆ ಕೈ ಹೋಯಿತೇ, ನಾಲಿಗೆ ಹೋಯಿತೇ, ಚಕ್ಕೆ ಪುಡಿ ಬೆರಳ ನಡುವೆ ತಿಕ್ಕು, ಒರಟು ಕಡಿಮೆ, ಈ ವರ್ಷ ಎಳೆಯದು, ಒಂದು ಚಮಚ ಹೆಚ್ಚು, ಜಾಯಿಕಾಯಿ ತುರಿ, ತುರಿಮಣೆಗೆ ಎಣ್ಣೆ ಅಂಟುತ್ತದೆ, ಹಾಗಾದರೆ ಜೀವ ಇದೆ, ಕಡಿಮೆ ಸಾಕು, ಏಲಕ್ಕಿ ಕಾಳು ನಾಲಿಗೆಯ ಮೇಲೆ ತಂಪಾಗಿ ಹರಿಯಿತು, ಇದೊಂದು ಇನ್ನೂ ಬರುತ್ತದೆ, ತಂಪು ಬರುತ್ತದೆ, ಖಾರ ಬರುತ್ತದೆ, ಬರದಿರುವುದು ಅದಕ್ಕೆ ಅದರ ಹೆಸರು ಕೊಡುವ ಆ ಘಮ ಮಾತ್ರ, ಲವಂಗವನ್ನು ಮುಂದಿನ ಹಲ್ಲಲ್ಲಿ ಕಚ್ಚಿದಳು, ಒಸಡು ಜುಮ್ಮೆಂದಿತು, ಎಷ್ಟು ಜುಮ್ಮೆಂದರೆ ಎಷ್ಟು ಲವಂಗ, ಹೋದ ವರ್ಷ ಒಸಡಿನ ಮಾತು ಕೇಳಿದವಳೇ ಅಲ್ಲ, ಆಗ ಮೂಗು ಹೇಳುತ್ತಿತ್ತು, ಒಸಡು ಸುಮ್ಮನಿರುತ್ತಿತ್ತು, ಒಂದು ಚಿಟಿಕೆ, ಇನ್ನೊಂದು, ಸಾಕೇ, ಕಟ್ಟೆಯ ಮೇಲೆ ತಳ ಹೊಳೆಯಿತು, ಇನ್ನೊಂದು ಹಾಕಿದಳು. ಹಿಟ್ಟಿಗೆ ಸುರಿದು, ನಾದಿ, ಉಂಡೆ ಕಟ್ಟಿ, ಮತ್ತೆ ಉಬ್ಬಲು ಬಿಟ್ಟು, ಕಾಗದದ ಪೊಟ್ಟಣದಿಂದ ನೆತ್ತಿಯ ಮೇಲೆ ಗಂಜಿಯ ಗೆರೆ ಎಳೆದಳು, ಒಂದೆರಡು ಶಿಲುಬೆ ಸೊಟ್ಟಗಾದದ್ದು ಪೊಟ್ಟಣದ ತಪ್ಪು, ಕೈಯದಲ್ಲ. ಮೈದುನ ಮೊದಲ ಟ್ರೇ ಎಳೆದ, ಹಾದಿಯಲ್ಲಿ ಹೋಗುತ್ತಿದ್ದವರು ನಿಂತರು, ಮುಂದಿನ ಅಂಗಡಿಯಿಂದ ಗಂಡ ಆಹಾ ಎಂದು ಕೂಗಿದ, ಅವನ ಆಹಾಕ್ಕೆ ಬೆಲೆ ಇಲ್ಲ, ಮುಲಾಮಿನ ಮನುಷ್ಯ, ಅತ್ತೆ ಬಿಸಿ ಬನ್ನು ಮುರಿದಳು, ಅರ್ಧವನ್ನು ಓರಗಿತ್ತಿಗೆ ಕೊಟ್ಟು ನೀನು ಹೇಳೇ ಎಂದಳು, ಎಲಾ ಮುದುಕೀ, ಅವಳ ಕೈಗೇ ಕೊಟ್ಟೆಯಲ್ಲ ತಕ್ಕಡಿ. ಓರಗಿತ್ತಿ ಮೂಸಿದಳು, ಕಣ್ಣು ಮುಚ್ಚದೆ, ದೊರೆಸಾನಿಯನ್ನೇ ನೋಡುತ್ತ ಅಗಿದಳು, ಎಷ್ಟು ಹೊತ್ತು ಅಗಿದಳೆಂದರೆ ಅಷ್ಟರಲ್ಲಿ ಒಂದು ಗೋಧಿ ಹೊಲ ಬಿತ್ತಿ ಕೊಯ್ಯಬಹುದಿತ್ತು, ಲವಂಗ ಒಂದೆಳೆ ಮುಂದಿದೆ ಅತ್ತೆ, ಅಂದಳು, ಉಳಿದದ್ದು... ಉಳಿದದ್ದು ಸರಿ ಇದೆ. ಸುಳ್ಳಲ್ಲ, ಹೊಗಳಿಕೆಯಲ್ಲ, ನಿಜ, ಹಾಗೆ ಹೇಳಬಲ್ಲ ಮೂಗು ಅವಳಿಗಿದೆ, ಹಾಳಾದವಳಿಗೆ ಇದೆ. ಬೇಕೂಂತಲೇ ಹಾಕಿದ್ದು! ಅಂದಳು ದೊರೆಸಾನಿ. ಹಬ್ಬದ್ದಲ್ವಾ, ಸ್ವಲ್ಪ ಚುಚ್ಲಿ ಬಿಡೇ, ಎಂದು ಅತ್ತೆ ಬೊಚ್ಚು ಬಾಯಲ್ಲಿ ಮೆಲ್ಲುತ್ತ ಕೂತಳು, ಚಮಚದ ಮಾತೆತ್ತಲಿಲ್ಲ. ಮುಂದಿನ ಪಾತ್ರೆಯಲ್ಲಿ ಹಿಟ್ಟು ಉಬ್ಬಿ ಕಾಯುತ್ತಿದೆ, ಅದರ ಹಿಂದೆ ಇನ್ನೊಂದು, ಒಸಡು ಆಗಲೇ ಮರಗಟ್ಟಿದೆ, ಇನ್ನೊಂದು ಲವಂಗ ಕಚ್ಚಿದರೂ ಅದು ಮಾತಾಡುವುದಿಲ್ಲ, ಪಕ್ಕದಲ್ಲಿ ಓರಗಿತ್ತಿಯ ಹೊಳ್ಳೆಗಳು ಮೊಲದ ಮೂಗಿನಂತೆ ಆಡುತ್ತಿವೆ, ಬೇಡುವುದೇ, ಅವಳನ್ನೇ, ಸತ್ತರೂ ಇಲ್ಲ, ಬೇಡುವುದಿಲ್ಲ, ಅಪ್ಪಣೆ ಕೊಡುವುದು — ಲೇ, ಕೈ ತೊಳ್ಕೊಂಡು ಬಾ ಇಲ್ಲಿ, ಇವತ್ತಿಂದ ನನ್ನ ಪಕ್ಕ ನಿಂತು ಕಲಿ. ಏನು ಕಲಿಸ್ತೀರಿ ಅಕ್ಕಾ, ಖಾಲಿ ಡಬ್ಬಿ ಮೂಸೋದನ್ನಾ? ಹೂಂ ಮತ್ತೆ, ಅದೇ ಕಷ್ಟದ್ದು, ಚಕ್ಕೆ ಇರೋ ಡಬ್ಬಿ ಯಾರು ಬೇಕಾದ್ರೂ ಮೂಸ್ತಾರೆ. ಓರಗಿತ್ತಿ ನಕ್ಕಳು, ತಡೆದರೂ ನಕ್ಕಳು, ಮೈದಾ ಹಾರಿ ಇಬ್ಬರ ಮುಖಕ್ಕೂ ಕೂತಿತು, ಚಮಚ ನನ್ನ ಕೈಲೇ ಇರುತ್ತೆ ತಿಳೀತಾ, ಸಾಕು ಅನ್ನೋದಷ್ಟೇ ನಿನ್ನ ಕೆಲಸ, ಆಗ್ಲಿ ಅಕ್ಕಾ, ಮೆಲ್ಲಗೆ ಹೇಳು, ಆಗ್ಲಿ ಅಕ್ಕಾ, ಮೆಲ್ಲಗೇ, ಲವಂಗ ಬಿತ್ತು, ಸಾಕು, ಕಿವಿಯ ಹತ್ತಿರ ಉಸಿರಿನಷ್ಟು ಸಣ್ಣ ಸಾಕು, ಅವಳು ಇನ್ನೊಂದು ಚಿಟಿಕೆ ಹಾಕಿಯೇ ತೀರಿದಳು, ದೊರೆಸಾನಿ ಯಾರು ಎಂದು ತಿಳಿದಿರಲಿ. ಎರಡನೆಯ ಟ್ರೇ ಹೊರಗೆ ಬಂತು, ಬೀದಿಗೆ ಬೀದಿಯೇ ಮೂಗೆತ್ತಿ ನಿಂತಿತು, ಅವಳೂ ಒಂದು ಬನ್ನು ಮುರಿದು ಕತ್ತು ಹಿಂದೆ ಬಾಗಿಸಿದಳು, ಕಣ್ಣು ಮಾತ್ರ ಈ ಸಲ ಮುಚ್ಚಲಿಲ್ಲ, ಎಳೆದಳು, ಪುಪ್ಪುಸ ಹರಿಯುವಷ್ಟು ಎಳೆದಳು, ಬಾರೋ ಘಮವೇ, ಬಂದ್ಬಿಡೋ, ಹಬ್ಬಕ್ಕಾದರೂ, ಬಿಸಿ ಬಂತು, ಹಬೆ ಬಂತು, ಹಬೆಯ ಆಚೆ ಕಿಟಕಿ, ಕಿಟಕಿಯ ಕಟ್ಟೆ, ಬೋರಲು ಡಬ್ಬಿ, ಬಿಸಿಲಿಗೆ ಹೊಳೆಯುತ್ತ, ಅದರ ತಳ — ಬರದಿದ್ದರೆ ಬೇಡ ಹೋಗು, ನಾಳೆಗೂ ಬೇಡ, ಮುಂದಿನ ವರ್ಷಕ್ಕೂ — ತಳ, ಉಜ್ಜಿ ತೊಳೆದದ್ದು, ಹೊಳೆಯುತ್ತ, ಖಾಲಿ ತಳ —